ಒಂದು ಗುಲಗಂಜಿ ತೂಕ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಂಜನಗೂಡಿನ ಕಪಿಲಾ ಸ್ನಾನಘಟ್ಟದಲ್ಲಿ ಕೂತಿದ್ದೆ. ಬೇಸಿಗೆ ರಜೆ. ಹದಿಮೂರು ಹದಿನಾಲ್ಕರ ಹುಡುಗರ ಗುಂಪೊಂದು ಮೆಟ್ಟಿಲ ಮೇಲಿಂದ ಓಡಿಬಂದು ನೀರಿಗೆ ಧುಮುಕುತ್ತಿತ್ತು. ಅವರಲ್ಲೊಬ್ಬ ಮಾತ್ರ ಅಂಗಿ ತೊಟ್ಟುಕೊಂಡೇ ಸೊಂಟದ ಮಟ್ಟದ ನೀರಲ್ಲಿ ನಿಂತಿದ್ದ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು, “ಯಾಕ್ಲಾ ಮಗ, ಅಂಗಿ ಬಿಚ್ಚಲ್ವೇನ್ಲಾ?” ಅಂದರು. “ಚಳಿ ಕಣತ್ತೆ” ಅಂದ. ಬಿಸಿಲಿಗೆ ಮೆಟ್ಟಿಲ ಕಲ್ಲು ಆಗಲೇ ಕಾದಿತ್ತು. ಒದ್ದೆ ಅಂಗಿ ಮೈಗೆ ಅಂಟಿದಾಗಲೆಲ್ಲ ಅವನು ಎದೆಯ ಹತ್ತಿರ ಎರಡು ಬೆರಳಲ್ಲಿ ಬಟ್ಟೆ ಹಿಡಿದು ಮುಂದಕ್ಕೆ ಎಳೆದುಕೊಳ್ಳುತ್ತಿದ್ದ. ಬಿಟ್ಟರೆ ಮತ್ತೆ ಅಂಟುತ್ತಿತ್ತು. ಮತ್ತೆ ಎಳೆಯುತ್ತಿದ್ದ.

ಇಂಥ ಹುಡುಗನನ್ನು ನೀವೂ ನೋಡಿರುತ್ತೀರಿ. ಪಿ.ಟಿ. ಪಿರಿಯಡ್ಡು ಬಂತೆಂದರೆ ಹೊಟ್ಟೆನೋವು ಅನ್ನುವವನು, ಸ್ಕೂಲ್ ಬ್ಯಾಗನ್ನು ಎದೆಗೆ ಅವುಚಿಕೊಂಡು ನಡೆಯುವವನು, ಸೆಖೆಯಲ್ಲೂ ಬನಿಯನ್ ಮೇಲೊಂದು ಬನಿಯನ್ ತೊಡುವವನು. ಅವನ ಎದೆ ಹೆಣ್ಣುಮಕ್ಕಳ ಎದೆಯಂತೆ ಉಬ್ಬಿದೆ. ನಂಜನಗೂಡಿನಲ್ಲಿ ಈ ಸಂಕಟ ಇನ್ನಷ್ಟು ಹೆಚ್ಚು. ಶ್ರೀಕಂಠೇಶ್ವರನಿಗೆ ಹರಕೆ ಹೊತ್ತ ಗಂಡಸರು ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ ಉರುಳುಸೇವೆ ಮಾಡುವ ಊರು ಇದು. ಅಮ್ಮ ಹೊತ್ತ ಹರಕೆಯನ್ನು ಮಗ ವರ್ಷದಿಂದ ವರ್ಷಕ್ಕೆ ಮುಂದೂಡುತ್ತಿದ್ದರೆ ಅವನ ಭಕ್ತಿಯನ್ನು ಅನುಮಾನಿಸುವ ಮೊದಲು ಅವನ ಅಂಗಿಯನ್ನೊಮ್ಮೆ ಗಮನಿಸಬೇಕು.

ವೈದ್ಯರು ಇದಕ್ಕೆ ಗೈನೆಕೋಮಾಸ್ಟಿಯಾ ಅನ್ನುತ್ತಾರೆ. ಗ್ರೀಕಿನ ‘ಹೆಣ್ಣು’ ಮತ್ತು ‘ಸ್ತನ’ ಎಂಬ ಎರಡು ಪದ ಕೂಡಿ ಆದ ಹೆಸರು. ಆ ಹೆಸರೇ ಹುಡುಗನನ್ನು ಕುಗ್ಗಿಸುವಂತಿದೆ. ಈ ಅಧ್ಯಾಯದಲ್ಲಿ ನಾನು ‘ಎದೆಯುಬ್ಬು’ ಎಂದೇ ಕರೆಯುತ್ತೇನೆ. ಹೆಣ್ಣಿನದು ಅನ್ನುವಂಥದ್ದೇನೂ ಹೊರಗಿನಿಂದ ಬಂದು ಅವನ ಮೈ ಸೇರಿಲ್ಲ; ಎಲ್ಲ ಗಂಡಸರ ಎದೆಯಲ್ಲೂ ಇರುವುದೇ ಅವನಲ್ಲಿ ಕೊಂಚ ಕಣ್ಣು ಬಿಟ್ಟಿದೆ.

ಗಿಲಾವಿಗೂ ಮುಂಚಿನ ಪೈಪು

ಗಂಡಸಿಗೆ ಮೊಲೆತೊಟ್ಟು ಯಾಕಿದೆ? ಮಕ್ಕಳು ಒಮ್ಮೆಯಾದರೂ ಕೇಳಿ ಬೈಸಿಕೊಳ್ಳುವ ಪ್ರಶ್ನೆ ಇದು. ಬೈಯುವ ಬದಲು ಉತ್ತರ ಹೇಳಬಹುದಿತ್ತು, ಉತ್ತರ ಅಷ್ಟು ಸರಳ.

ಮನೆ ಕಟ್ಟುವಾಗ ಗೋಡೆಗೆ ಗಿಲಾವು ಮಾಡುವ ಮೊದಲೇ ವೈರಿಂಗ್ ಪೈಪು ಹೂತುಬಿಡುತ್ತಾರೆ. ಮುಂದೆ ಆ ಕೋಣೆಗೆ ಫ್ಯಾನು ಹಾಕುತ್ತಾರೋ ಬಿಡುತ್ತಾರೋ, ಪೈಪಂತೂ ಒಳಗೆ ಇರುತ್ತದೆ. ತಾಯಿಯ ಗರ್ಭದಲ್ಲಿ ನಡೆಯುವುದೂ ಹೀಗೆಯೇ. ಭ್ರೂಣಕ್ಕೆ ಆರು ವಾರ ತುಂಬುವ ಹೊತ್ತಿಗೆ ಕಂಕುಳಿನಿಂದ ತೊಡೆಸಂದಿನವರೆಗೆ ಎರಡು ಬದಿಯಲ್ಲೂ ತೆಳುವಾದ ಏಣು ಮೂಡಿ, ಎದೆಯ ಭಾಗದಲ್ಲಿ ಮಾತ್ರ ಉಳಿದು, ಸ್ತನದ ಮೊಗ್ಗಾಗುತ್ತದೆ. ಗಂಡು ಭ್ರೂಣದ ಬೀಜಗಳು ಗಂಡುಚೋದಕವಾದ ಟೆಸ್ಟೋಸ್ಟೆರಾನನ್ನು ಸ್ರವಿಸಲು ಶುರುಮಾಡುವುದು ಅದಾದ ಮೇಲೆ, ಎಂಟನೇ ವಾರದ ಆಸುಪಾಸಿನಲ್ಲಿ. ‘ಇದು ಗಂಡು’ ಎಂಬ ಸುದ್ದಿ ಕಟ್ಟಡಕ್ಕೆ ಮುಟ್ಟುವ ಹೊತ್ತಿಗೆ ಪೈಪು ಹೂತಾಗಿರುತ್ತದೆ. ಆದ್ದರಿಂದ ಪ್ರತಿ ಗಂಡಸಿನ ತೊಟ್ಟಿನ ಹಿಂದೆಯೂ ಕೂದಲೆಳೆಯಂಥ ಕೆಲವು ನಾಳಗಳು ಸುಮ್ಮನೆ ಮಲಗಿರುತ್ತವೆ. ಎಬ್ಬಿಸುವವರು ಬಂದರೆ ಅವು ಏಳುತ್ತವೆ.

ಮೊದಲ ಸಲ ಎದ್ದಾಗ

ಮೊದಲ ಸಲ ಅವು ಏಳುವುದು ಹುಟ್ಟಿದ ವಾರದಲ್ಲೇ. ತಾಯಿಯ ದೇಹದ ಮತ್ತು ಮಾಸಿನ ಈಸ್ಟ್ರೋಜನ್, ಅಂದರೆ ಹೆಣ್ಣುಚೋದಕ, ಮಗುವಿನ ರಕ್ತಕ್ಕೂ ಹರಿದಿರುತ್ತದೆ. ಹಾಗಾಗಿ ಬಹಳಷ್ಟು ನವಜಾತ ಶಿಶುಗಳಿಗೆ, ಗಂಡಾಗಲಿ ಹೆಣ್ಣಾಗಲಿ, ಎದೆ ಅಡಿಕೆ ಗಾತ್ರಕ್ಕೆ ಊದಿಕೊಳ್ಳುತ್ತದೆ. ಕೆಲವಕ್ಕೆ ಒಂದೆರಡು ಹನಿ ಹಾಲೂ ಒಸರುತ್ತದೆ.

ಇಲ್ಲೊಂದು ಮಾತನ್ನು ಕೈಮುಗಿದು ಹೇಳಬೇಕು. ನಮ್ಮ ಕಡೆಯ ಹಲವು ಮನೆಗಳಲ್ಲಿ ಕೂಸಿಗೆ ಎಣ್ಣೆ ನೀರು ಹಾಕುವಾಗ ಅಜ್ಜಿಯರು ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಆ ಪುಟ್ಟ ಎದೆಯನ್ನು ಹೆಬ್ಬೆರಳಿಂದ ಹಿಂಡುತ್ತಾರೆ. ‘ಕೆಟ್ಟ ಹಾಲು ತೆಗೆದುಬಿಡಬೇಕು, ಇಲ್ಲದಿದ್ದರೆ ದೊಡ್ಡವನಾದ ಮೇಲೆ ಎದೆ ಬೆಳೆಯುತ್ತೆ’ ಎಂಬ ನಂಬಿಕೆ. ಅಜ್ಜಿಯ ಪ್ರೀತಿ ದೊಡ್ಡದು, ಆದರೆ ಹಿಂಡಿದ ಎದೆಗೆ ಸೋಂಕು ತಗುಲಿ ಕೀವು ಕಟ್ಟಿ, ಹತ್ತು ದಿನದ ಕೂಸಿಗೆ ಕತ್ತಿ ಮುಟ್ಟಿಸಬೇಕಾದೀತು. ಸುಮ್ಮನೆ ಬಿಟ್ಟರೆ ಕೆಲವು ವಾರಗಳಲ್ಲಿ ಅದು ತಾನೇ ಇಳಿಯುತ್ತದೆ. ತಾಯಿಯಿಂದ ಬಂದ ಚೋದಕ ರಕ್ತದಿಂದ ಖಾಲಿಯಾಯಿತು, ನಾಳಗಳು ಮತ್ತೆ ಮಲಗಿದವು. ಅಷ್ಟೇ.

ತಕ್ಕಡಿ

ಕಪಿಲೆ ನಂಜನಗೂಡು ದಾಟಿ, ಸುತ್ತೂರನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿನ ಗುಂಜಾ ನರಸಿಂಹಸ್ವಾಮಿ ಕೈಬೆರಳುಗಳ ನಡುವೆ ಒಂದು ಗುಲಗಂಜಿ ಹಿಡಿದಿದ್ದಾನೆ. ಕಾಶಿಯನ್ನೂ ಈ ಕ್ಷೇತ್ರವನ್ನೂ ತೂಗಿದರೆ ಇದೇ ಒಂದು ಗುಲಗಂಜಿ ಹೆಚ್ಚು ತೂಗುತ್ತದೆ ಎನ್ನುವುದು ಊರವರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗಲು ಇಟ್ಟುಕೊಳ್ಳುತ್ತಿದ್ದ ಕಾಳು ಅದು: ಕೆಂಪು ಮೈ, ತುದಿಗೆ ಕಪ್ಪು ಬೊಟ್ಟು, ತೂಕ 120 ಮಿಲಿಗ್ರಾಂ ಆಸುಪಾಸು. ಇತ್ತ ನಂಜನಗೂಡಿನಲ್ಲಿ ತುಲಾಭಾರ, ಅತ್ತ ನರಸೀಪುರದಲ್ಲಿ ಗುಲಗಂಜಿ. ಎದೆಯುಬ್ಬನ್ನು ಅರ್ಥ ಮಾಡಿಕೊಳ್ಳಲು ಈ ಎರಡೇ ಸಾಕು.

ತೊಟ್ಟಿನ ಹಿಂದೆ ಮಲಗಿರುವ ನಾಳಗಳಿಗೆ ಎರಡು ಮಾತು ಕೇಳಿಸುತ್ತವೆ. ಈಸ್ಟ್ರೋಜನ್ ‘ಬೆಳೆ’ ಅನ್ನುತ್ತದೆ. ಟೆಸ್ಟೋಸ್ಟೆರಾನ್ ‘ಬೇಡ’ ಅನ್ನುತ್ತದೆ. ಎರಡೂ ಚೋದಕಗಳು ಎಲ್ಲ ಗಂಡಸರಲ್ಲೂ ಇವೆ. ಈಸ್ಟ್ರೋಜನ್ ಇಲ್ಲದಿದ್ದರೆ ಗಂಡಸಿನ ಮೂಳೆಯೂ ಗಟ್ಟಿಯಾಗದು. ವಯಸ್ಕ ಗಂಡಸಿನ ದೇಹ ದಿನಕ್ಕೆ ಸುಮಾರು 6 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತಯಾರಿಸಿದರೆ, ಈಸ್ಟ್ರೋಜನ್‌ಗಳಲ್ಲಿ ಮುಖ್ಯವಾದ ಎಸ್ಟ್ರಾಡಯಾಲನ್ನು ಸುಮಾರು 40 ಮೈಕ್ರೋಗ್ರಾಂ ತಯಾರಿಸುತ್ತದೆ. ಗುಲಗಂಜಿ ಲೆಕ್ಕಕ್ಕೆ ತಂದು ನೋಡಿ. ಒಂದು ಗುಲಗಂಜಿ ತೂಕದ ಟೆಸ್ಟೋಸ್ಟೆರಾನ್ ತಯಾರಾಗಲು 20 ದಿನ ಬೇಕು. ಅಷ್ಟೇ ತೂಕದ ಎಸ್ಟ್ರಾಡಯಾಲ್ ತಯಾರಾಗಲು ಎಂಟು ವರ್ಷ! ಇಷ್ಟು ಅಲ್ಪ ಪ್ರಮಾಣದ ವಸ್ತು ಎದೆಯ ಆಕಾರವನ್ನೇ ಬದಲಿಸಬಲ್ಲದು ಎಂದಮೇಲೆ ತಕ್ಕಡಿ ಎಷ್ಟು ಸೂಕ್ಷ್ಮವಾಗಿರಬೇಕು.

ಎದೆ ಕೇಳುವುದು ಒಂದೊಂದು ತಟ್ಟೆಯಲ್ಲಿ ಎಷ್ಟಿದೆ ಎಂದಲ್ಲ. ಮುಳ್ಳು ಯಾವ ಕಡೆ ವಾಲಿದೆ ಎಂದು. ಈಸ್ಟ್ರೋಜನ್ ಹೆಚ್ಚಾದರೂ ಮುಳ್ಳು ವಾಲುತ್ತದೆ, ಟೆಸ್ಟೋಸ್ಟೆರಾನ್ ಕಡಿಮೆಯಾದರೂ ವಾಲುತ್ತದೆ, ಟೆಸ್ಟೋಸ್ಟೆರಾನ್ ಬೇಕಾದಷ್ಟಿದ್ದು ಅದರ ಮಾತು ಜೀವಕೋಶಕ್ಕೆ ಕೇಳಿಸದಿದ್ದರೂ ವಾಲುತ್ತದೆ. ಎಷ್ಟೋ ಹುಡುಗರ ರಕ್ತಪರೀಕ್ಷೆಯಲ್ಲಿ ಎಲ್ಲ ಸಂಖ್ಯೆಗಳೂ ಸರಿಯಾಗಿಯೇ ಬರುತ್ತವೆ. ಗುಲಗಂಜಿಯ ಚೂರಿನಷ್ಟು ವಾಲಿದ್ದು ಪ್ರಯೋಗಾಲಯದ ಚೀಟಿಯಲ್ಲಿ ಕಾಣದೆ ಎದೆಯ ಮೇಲೆ ಮಾತ್ರ ಕಾಣುತ್ತದೆ.

ಹದಿಮೂರರ ವಯಸ್ಸಿನಲ್ಲಿ ಆಗುವುದು ಇದೇ. ಮೀಸೆ ಚಿಗುರುವ ಕಾಲಕ್ಕೆ ಎರಡೂ ಚೋದಕಗಳು ಏರತೊಡಗುತ್ತವೆ, ಆದರೆ ಜೊತೆಜೊತೆಯಾಗಿ ಏರುವುದಿಲ್ಲ. ಈಸ್ಟ್ರೋಜನ್ ದೊಡ್ಡವರ ಮಟ್ಟವನ್ನು ಬೇಗ ಮುಟ್ಟುತ್ತದೆ, ಟೆಸ್ಟೋಸ್ಟೆರಾನ್ ಹಿಂದಿನಿಂದ ಬರುತ್ತದೆ. ಆ ನಡುವಿನ ಕೆಲವು ತಿಂಗಳು ನಾಳಗಳಿಗೆ ‘ಬೆಳೆ’ ಎಂಬ ಮಾತೇ ಗಟ್ಟಿಯಾಗಿ ಕೇಳಿಸುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಹುಡುಗರಿಗೆ, ಕೆಲವು ಎಣಿಕೆಗಳಲ್ಲಿ ಅದಕ್ಕೂ ಹೆಚ್ಚು ಮಂದಿಗೆ, ಈ ವಯಸ್ಸಿನಲ್ಲಿ ತೊಟ್ಟಿನ ಕೆಳಗೆ ಮುಟ್ಟಿದರೆ ನೋಯುವ ಗಂಟು ಮೂಡುತ್ತದೆ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ಟೆಸ್ಟೋಸ್ಟೆರಾನ್ ಬಂದು ತಟ್ಟೆ ತುಂಬಿ ಗಂಟು ಕರಗುತ್ತದೆ. ಸ್ನಾನಘಟ್ಟದಲ್ಲಿ ಧುಮುಕುತ್ತಿದ್ದ ಹುಡುಗರಲ್ಲಿ ಇನ್ನೂ ಮೂರ್ನಾಲ್ಕು ಜನಕ್ಕೆ ಆ ಗಂಟು ಇದ್ದಿರಲೇಬೇಕು. ತಾನೊಬ್ಬನೇ ಅಲ್ಲ ಎಂದು ಅಂಗಿ ತೊಟ್ಟ ಹುಡುಗನಿಗೆ ಯಾರೂ ಹೇಳಿಲ್ಲ.

ಭತ್ತ ಅಕ್ಕಿಯಾಗುವ ಮಿಲ್ಲು

ಗಂಡಸಿನ ದೇಹಕ್ಕೆ ಈಸ್ಟ್ರೋಜನ್ ಎಲ್ಲಿಂದ ಬರುತ್ತದೆ? ಬಹುಪಾಲು ಗಂಡುಚೋದಕದಿಂದಲೇ. ನರಸೀಪುರ ನಾಲೆ ನೀರಿನ ಸೀಮೆ, ಭತ್ತದ ಸೀಮೆ. ಅಲ್ಲಿಯವರಿಗೆ ಭತ್ತ ಮಿಲ್ಲಿಗೆ ಹೋಗಿ ಅಕ್ಕಿಯಾಗಿ ಬರುವುದನ್ನು ವಿವರಿಸಬೇಕಿಲ್ಲ. ನಮ್ಮ ಮೈಯಲ್ಲೂ ಅಂಥ ಮಿಲ್ಲುಗಳಿವೆ. ಅರೋಮಟೇಸ್ ಎಂಬ ಕಿಣ್ವವೇ ಆ ಮಿಲ್ಲು. ಅದು ಟೆಸ್ಟೋಸ್ಟೆರಾನಿನ ಅಣುವನ್ನು ಹಿಡಿದು ಒಂದಿಷ್ಟು ಕೆತ್ತಿ ಈಸ್ಟ್ರೋಜನ್ ಮಾಡುತ್ತದೆ. ಅಕ್ಕಿ ಮತ್ತೆ ಭತ್ತವಾಗದ ಹಾಗೆ ಇಲ್ಲೂ ಹಿಂದಿರುಗುವ ದಾರಿಯಿಲ್ಲ. ಈ ಮಿಲ್ಲುಗಳು ಹೇರಳವಾಗಿರುವ ಜಾಗ ಕೊಬ್ಬು.

ಇಷ್ಟು ತಿಳಿದರೆ ಉಳಿದ ಎಷ್ಟೋ ಸಂಗತಿ ತಾವಾಗಿ ಬಿಡಿಸಿಕೊಳ್ಳುತ್ತವೆ. ಮೈ ಬಂದವರಲ್ಲಿ ಮಿಲ್ಲು ಹೆಚ್ಚು, ಹಾಗಾಗಿ ಈಸ್ಟ್ರೋಜನ್ನೂ ಹೆಚ್ಚು. ಅರವತ್ತು ದಾಟಿದವರಲ್ಲಿ ಭತ್ತದ ಇಳುವರಿ ಇಳಿದಿದೆ, ಹೊಟ್ಟೆಯ ಕೊಬ್ಬು ಏರಿದೆ. ಅಜ್ಜಂದಿರ ಎದೆ ಮತ್ತೆ ಮೆತ್ತಗಾಗುವುದು ಅದಕ್ಕೇ. ವರ್ಷಗಟ್ಟಲೆ ಕುಡಿದು ಯಕೃತ್ತು ಕೆಟ್ಟವರಲ್ಲಿ ಬೀಜಗಳ ಕೆಲಸವೂ ಕುಗ್ಗುತ್ತದೆ, ಈಸ್ಟ್ರೋಜನ್ನನ್ನು ಹೊರಹಾಕುವ ಕೆಲಸವೂ ನಿಧಾನವಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಬಂದ ಕುಡುಕನ ಎದೆಯನ್ನು ವೈದ್ಯರು ಮುಟ್ಟಿ ನೋಡುವುದು ಇದಕ್ಕಾಗಿ.

ಜಿಮ್ಮಿಗೆ ಹೋಗುವ ಹುಡುಗರ ಕಥೆ ಇನ್ನೂ ನೋವಿನದು. ಸುತ್ತೂರು ಜಾತ್ರೆಯ ಕುಸ್ತಿಯಲ್ಲಿ ತೊಡೆ ತಟ್ಟುತ್ತಿದ್ದ ಹಳೆಯ ಪೈಲ್ವಾನರು ಹಾಲು, ತುಪ್ಪ, ಬಾದಾಮಿಯಲ್ಲಿ ಮೈ ಕಟ್ಟಿದವರು. ಈಗ ಆರು ತಿಂಗಳಲ್ಲಿ ಮೈ ಬೇಕೆಂದು ಯಾರೋ ಕೊಟ್ಟ ಗಂಡುಚೋದಕದ ಸೂಜಿ ಚುಚ್ಚಿಸಿಕೊಳ್ಳುವವರಿದ್ದಾರೆ. ಮಿಲ್ಲಿಗೆ ಲಾರಿಗಟ್ಟಲೆ ಭತ್ತ ತಂದು ಸುರಿದ ಹಾಗಾಯಿತು. ಅಕ್ಕಿಯೂ ಅಷ್ಟೇ ಬೀಳುತ್ತದೆ. ಸೂಜಿ ನಿಲ್ಲಿಸಿದರೆ ಇಷ್ಟು ದಿನ ಕೆಲಸವಿಲ್ಲದೆ ಮಲಗಿದ್ದ ಸ್ವಂತ ಬೀಜಗಳು ಬೇಗ ಏಳುವುದಿಲ್ಲ, ಮುಳ್ಳು ಇನ್ನಷ್ಟು ವಾಲುತ್ತದೆ. ಗಂಡಸುತನದ ಎದೆ ಬೇಕೆಂದು ಹೊರಟವನಿಗೆ ಬಂದದ್ದು ಎದೆಯುಬ್ಬು.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಜಪಾನೀಯರ ಸೆರೆಶಿಬಿರಗಳಿಂದ ಮೂಳೆ ಚಕ್ಕಳವಾಗಿ ಹೊರಬಂದ ಸೈನಿಕರಲ್ಲಿ ವೈದ್ಯರು ಕಂಡದ್ದು ಇದರ ಇನ್ನೊಂದು ಮುಖ. ಹೊಟ್ಟೆ ತುಂಬ ಊಟ ಸಿಕ್ಕಿದ ಮೇಲೆ ಅವರಲ್ಲಿ ಅನೇಕರ ಎದೆ ಉಬ್ಬಿತು. ಹಸಿವಿನಲ್ಲಿ ಬೀಜಗಳು ಬಾಗಿಲು ಮುಚ್ಚಿದ್ದವು. ಅನ್ನ ಬಿದ್ದ ಕೂಡಲೇ ಮೂವತ್ತರ ಗಂಡಸರಿಗೆ ಹದಿಮೂರರ ಏರಿಳಿತ ಎರಡನೇ ಸಲ ಬಂತು. ತಕ್ಕಡಿ ಹದಕ್ಕೆ ಬಂದಂತೆ ಎದೆ ಇಳಿಯಿತು.

ಮಾತ್ರೆಗಳಿಂದಲೂ ಆಗುತ್ತದೆ. ಹೃದಯದ ಕಾಯಿಲೆಯವರಿಗೂ ಯಕೃತ್ತಿನ ಕಾಯಿಲೆಯವರಿಗೂ ಕೊಡುವ ಸ್ಪೈರೊನೊಲ್ಯಾಕ್ಟೋನ್ ಇದಕ್ಕೆ ಹೆಸರಾದದ್ದು; ಅದು ಟೆಸ್ಟೋಸ್ಟೆರಾನಿನ ಮಾತು ಕೋಶಕ್ಕೆ ಕೇಳಿಸದಂತೆ ಕಿವಿ ಮುಚ್ಚುತ್ತದೆ. ಹಳೆಯ ಕಾಲದ ಅಸಿಡಿಟಿ ಮಾತ್ರೆ ಸಿಮೆಟಿಡಿನ್, ಕೂದಲು ಉದುರುವುದಕ್ಕೆ ನುಂಗುವ ಫಿನಾಸ್ಟರೈಡ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಕೂಡ ಪಟ್ಟಿಯಲ್ಲಿವೆ. ಹಾಗೆಂದು ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಚೀಟಿ ತೆಗೆದುಕೊಂಡು ಹೋಗಿ ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು, ಬದಲಿ ಮಾತ್ರೆ ಇರುತ್ತದೆ.

ಪಾಕ ಮತ್ತು ಅಚ್ಚು

ಆಲೆಮನೆಯಲ್ಲಿ ಕಬ್ಬಿನ ಹಾಲು ಕುದ್ದು ಪಾಕವಾಗಿರುವಷ್ಟು ಹೊತ್ತು ಅದನ್ನು ಏನು ಬೇಕಾದರೂ ಮಾಡಬಹುದು. ಅಚ್ಚಿಗೆ ಹುಯ್ದು ಆರಿದ ಮೇಲೆ ಒಡೆಯಬೇಕು, ಬೇರೆ ದಾರಿಯಿಲ್ಲ. ಎದೆಯುಬ್ಬಿಗೂ ಪಾಕದ ಕಾಲ, ಅಚ್ಚಿನ ಕಾಲ ಎಂದು ಎರಡಿವೆ. ಮೊದಲ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ, ನಾಳಗಳು ಚಿಗುರುತ್ತಿರುತ್ತವೆ. ಸುತ್ತಲಿನ ಅಂಗಾಂಶ ಮೆದು, ಮುಟ್ಟಿದರೆ ನೋವು. ಆಗ ಕಾರಣ ತೊಲಗಿದರೆ ತಾನೇ ಇಳಿಯುತ್ತದೆ, ತೀರಾ ನೋವಿದ್ದವರಿಗೆ ಈಸ್ಟ್ರೋಜನ್ನಿನ ಮಾತಿಗೆ ಅಡ್ಡ ನಿಲ್ಲುವ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ವೈದ್ಯರು ಕೊಡುವುದೂ ಉಂಟು. ವರ್ಷ ಕಳೆದ ಮೇಲೆ ಚಿಗುರು ನಿಂತು ಆ ಜಾಗದಲ್ಲಿ ನಾರು ಕಟ್ಟುತ್ತದೆ. ನೋವು ಹೋಗುತ್ತದೆ, ಗಂಟು ಉಳಿಯುತ್ತದೆ. ನಾರಿಗೆ ಯಾವ ಚೋದಕದ ಮಾತೂ ಕೇಳಿಸದು. ಮುಲಾಮು ತಿಕ್ಕಿದರೂ, ದಂಡ ಬಸ್ಕಿ ಹೊಡೆದರೂ ಅದು ಕರಗುವುದಿಲ್ಲ. ಈ ಸರಳ ಸಂಗತಿ ತಿಳಿಯದೆ ಎಷ್ಟು ಹುಡುಗರು ಪುಡಿ, ಎಣ್ಣೆ, ಬೆಲ್ಟು ಎಂದು ಕೂಡಿಟ್ಟ ದುಡ್ಡು ಕಳೆದುಕೊಳ್ಳುತ್ತಾರೋ!

ಎದೆಯಲ್ಲಿರುವುದು ಬರೀ ಕೊಬ್ಬೋ ಗ್ರಂಥಿಯೋ ಎಂದು ತಿಳಿಯುವುದು ಕಷ್ಟವಲ್ಲ. ಅಂಗಾತ ಮಲಗಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಎದೆಯ ಎರಡು ಬದಿಯಲ್ಲಿಟ್ಟು ನಿಧಾನವಾಗಿ ತೊಟ್ಟಿನ ಕಡೆ ತರಬೇಕು. ತೊಟ್ಟಿನ ನೇರ ಕೆಳಗೆ ರಬ್ಬರಿನ ಬಿಲ್ಲೆಯಂಥದ್ದು ಸಿಕ್ಕರೆ ಗ್ರಂಥಿ. ಬೆರಳುಗಳು ತಡೆಯಿಲ್ಲದೆ ಕೂಡಿಕೊಂಡರೆ ಕೊಬ್ಬು; ತೂಕ ಇಳಿದರೆ ಅದೂ ಇಳಿಯುತ್ತದೆ. ಗಂಟು ಕಲ್ಲಿನಂತಿದ್ದರೆ, ತೊಟ್ಟಿನಿಂದ ಪಕ್ಕಕ್ಕೆ ಸರಿದಿದ್ದರೆ, ಒಂದೇ ಬದಿಯಲ್ಲಿದ್ದು ಚರ್ಮ ಒಳಕ್ಕೆ ಸೆಳೆದಿದ್ದರೆ, ತೊಟ್ಟಿನಿಂದ ರಕ್ತ ಬಂದರೆ, ಒಂದು ದಿನವೂ ಕಾಯಬಾರದು. ನೂರು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಒಂದು ಗಂಡಸಿನದು, ಅದರಲ್ಲೂ ವಯಸ್ಸಾದವರದು. ಇನ್ನೊಂದು ವಿಷಯ: ವೈದ್ಯರು ಎದೆ ನೋಡಿದ ಮೇಲೆ ಬೀಜಗಳನ್ನೂ ಪರೀಕ್ಷಿಸುತ್ತಾರೆ. ಹುಡುಗರು ನಾಚುತ್ತಾರೆ, ಕೆಲವರು ಎದ್ದು ಬಂದುಬಿಡುತ್ತಾರೆ. ಬೀಜದಲ್ಲಿ ಗಡ್ಡೆಯಿದ್ದರೆ ಅದರ ಮೊದಲ ಸುದ್ದಿ ಎದೆಯಲ್ಲಿ ಕಾಣಿಸಬಹುದು, ಅದಕ್ಕಾಗಿ ಆ ಪರೀಕ್ಷೆ.

ಎತ್ತಿನ ಗಾಡಿಯವನ ಮೂಗು

‘ಗಂಡಸಿಗೆ ಅಂದಚೆಂದದ ಆಪರೇಷನ್ ಯಾಕೆ?’ ಎಂದು ಕೇಳುವವರಿಗೆ ಮೈಸೂರು ಸೀಮೆಯ ಇತಿಹಾಸದಲ್ಲೇ ಉತ್ತರವಿದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜೀ ಎಂಬಾತ 1792ರಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಒಂದು ವರ್ಷ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹಣೆಯ ಚರ್ಮವನ್ನು ಎಲೆಯಾಕಾರಕ್ಕೆ ಕೊಯ್ದು, ಹುಬ್ಬಿನ ನಡುವೆ ಬುಡ ಉಳಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗು ಕೂರಿಸಿದ. ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಅದನ್ನು ಓದಿ ವರ್ಷಗಟ್ಟಲೆ ಶವಗಳ ಮೇಲೆ ಅಭ್ಯಾಸ ಮಾಡಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಹೊಸದಾಗಿ ಚಿಗುರಿದ್ದು ಅಲ್ಲಿಂದ.

ಕವಾಸ್‌ಜೀ ಕೂಲಿಯವನು. ಅವನು ಬಯಸಿದ್ದು ನಾಲ್ಕು ಜನರ ನಡುವೆ ತಲೆ ಎತ್ತಿ ನಡೆಯುವುದನ್ನು. ಅಂಗಿ ಎಳೆದುಕೊಳ್ಳುವ ಹುಡುಗ ಬಯಸುವುದೂ ಅದನ್ನೇ. ಅವನನ್ನು ಶೋಕಿಯವನು ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಎದೆಗೂ ಇಷ್ಟೇ ಹಳೆಯ, ಇನ್ನೂ ಹಳೆಯ ಚರಿತ್ರೆಯಿದೆ. ಏಳನೇ ಶತಮಾನದ ಗ್ರೀಕ್ ವೈದ್ಯ ಪಾಲ್ ಆಫ್ ಈಜಿನಾ ಗಂಡಸರ ಎದೆಯ ಕೆಳಗೆ ಅರ್ಧಚಂದ್ರಾಕಾರದಲ್ಲಿ ಕೊಯ್ದು, ಒಳಗಿನದನ್ನು ತೆಗೆದು ಹೊಲಿಯುವ ವಿಧಾನವನ್ನು ಬರೆದಿಟ್ಟಿದ್ದಾನೆ.

ಕತ್ತಿ ಮುಟ್ಟಿಸುವಾಗ

ಹದಿನೆಂಟು ತುಂಬಿದೆ, ಎರಡು ವರ್ಷವಾದರೂ ಇಳಿದಿಲ್ಲ, ಕಾರಣಗಳನ್ನೆಲ್ಲ ಹುಡುಕಿಯಾಗಿದೆ, ಹುಡುಗ ಕುಗ್ಗಿಹೋಗಿದ್ದಾನೆ. ಆಗ ಶಸ್ತ್ರಚಿಕಿತ್ಸೆ. ನಂಜನಗೂಡಿನಿಂದ ಮೈಸೂರು ಇಪ್ಪತ್ತೈದು ಕಿಲೋಮೀಟರು; ದೊಡ್ಡ ಆಸ್ಪತ್ರೆಗಳು ಅಲ್ಲಿವೆ. ಕೇಳಬೇಕಾದ ಮೊದಲ ಪ್ರಶ್ನೆ ದುಡ್ಡಿನದಲ್ಲ. ಕೊಯ್ಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಪಡೆದವರೇ, ಅರಿವಳಿಕೆ ತಜ್ಞರು ಇರುತ್ತಾರೆಯೇ, ತುರ್ತು ಬಂದರೆ ಐ.ಸಿ.ಯು. ಇದೆಯೇ? 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಯುವ ಕಿರುತೆರೆ ನಟಿಯೊಬ್ಬರು ತೀರಿಕೊಂಡದ್ದನ್ನು ಕರ್ನಾಟಕ ಮರೆತಿಲ್ಲ. ‘ಸಣ್ಣ ಆಪರೇಷನ್’ ಎಂಬ ಮಾತನ್ನು ನಂಬಬೇಡಿ.

ಕೊಬ್ಬು ಮತ್ತು ಗ್ರಂಥಿ, ಎರಡಕ್ಕೆ ಎರಡು ದಾರಿ. ಕೊಬ್ಬು ಮೆದು, ಹೀರಿ ತೆಗೆಯಬಹುದು. ಮೊದಲು ಉಪ್ಪುನೀರಿಗೆ ಮರಗಟ್ಟಿಸುವ ಔಷಧಿಯನ್ನೂ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ನನ್ನೂ ಬೆರೆಸಿ ಎದೆಗೆ ತುಂಬುತ್ತಾರೆ. ಗದ್ದೆಗೆ ನೀರು ಬಿಟ್ಟು ಮಣ್ಣು ಸಡಿಲ ಮಾಡಿಕೊಂಡ ಹಾಗೆ. ಆಮೇಲೆ ಕಂಕುಳ ಪಕ್ಕದ ಸಣ್ಣ ತೂತಿನಿಂದ ಕೊಳವೆ ತೂರಿಸಿ ಹೀರುತ್ತಾರೆ. ಫ್ರಾನ್ಸಿನ ಇಲೂಝ್ 1970ರ ದಶಕದ ಕೊನೆಯಲ್ಲಿ ಹೀರುವ ವಿಧಾನವನ್ನು ಬಳಕೆಗೆ ತಂದರು. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1980ರ ದಶಕದಲ್ಲಿ ನೀರು ತುಂಬುವ ಉಪಾಯ ಕಂಡುಕೊಂಡ ಮೇಲೆ ರಕ್ತ ಹೋಗುವುದು ಬಹಳ ಕಡಿಮೆಯಾಯಿತು.

ನಾರುಗಟ್ಟಿದ ಗ್ರಂಥಿ ಮಾತ್ರ ಕೊಳವೆಗೆ ಜಗ್ಗುವುದಿಲ್ಲ. ಅದಕ್ಕೆ 1946ರಲ್ಲಿ ಜೆರೋಮ್ ವೆಬ್‌ಸ್ಟರ್ ವಿವರಿಸಿದ ದಾರಿ: ತೊಟ್ಟಿನ ಸುತ್ತಲಿನ ಕಂದು ಚರ್ಮದ ಕೆಳ ಅಂಚಿನಲ್ಲೇ ಅರ್ಧವೃತ್ತವಾಗಿ ಕೊಯ್ಯುವುದು. ಕಂದು ಚರ್ಮವೂ ಬಿಳಿ ಚರ್ಮವೂ ಕೂಡುವ ಗೆರೆಯಲ್ಲಿ ಗಾಯದ ಗೆರೆ ಅಡಗಿಬಿಡುತ್ತದೆ. ಅಲ್ಲಿಂದ ಬಿಲ್ಲೆಯನ್ನು ಬಿಡಿಸಿ ಹೊರತೆಗೆಯುತ್ತಾರೆ. ಅನುಭವಸ್ಥರ ಕೈ ಗೊತ್ತಾಗುವುದು ಎಷ್ಟು ತೆಗೆದರು ಎಂಬುದರಲ್ಲಲ್ಲ, ಎಷ್ಟು ಉಳಿಸಿದರು ಎಂಬುದರಲ್ಲಿ. ಪೂರ್ತಿ ಬಳಿದು ತೆಗೆದರೆ ತೊಟ್ಟು ಒಳಕ್ಕೆ ಕುಸಿದು ತಟ್ಟೆಯಂತೆ ಗುಳಿ ಬೀಳುತ್ತದೆ, ಆ ಗುಳಿ ಸರಿಮಾಡುವುದು ಉಬ್ಬು ಸರಿಮಾಡುವುದಕ್ಕಿಂತ ಕಷ್ಟ. ಅದಕ್ಕೇ ತೊಟ್ಟಿನ ಹಿಂದೆ ಒಂದು ತೆಳು ಪದರವನ್ನು ಬೇಕೆಂದೇ ಬಿಡುತ್ತಾರೆ.

ಒಂದೆರಡು ಗಂಟೆಯ ಕೆಲಸ. ಆಮೇಲೆ ನಾಲ್ಕರಿಂದ ಆರು ವಾರ ಬಿಗಿ ಬನಿಯನ್ ತೊಡಬೇಕು. ಒಳಗೆ ರಕ್ತವೋ ನೀರೋ ತುಂಬಿಕೊಳ್ಳಬಹುದು, ತೊಟ್ಟಿನ ಸುತ್ತ ಕೆಲವು ತಿಂಗಳು ಜೋಮು ಇರಬಹುದು. ಮೊದಲ ವಾರ ಊತ ಎಷ್ಟಿರುತ್ತದೆಂದರೆ ಏನೂ ಬದಲಾಗಿಲ್ಲವೆಂದು ಹುಡುಗ ಅಳುವುದೂ ಉಂಟು.

ತೆಗೆದ ತುಂಡು ಫಾರ್ಮಲಿನ್ ಬಾಟಲಿಯಲ್ಲಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟಾಗ ಗುಲಾಬಿ ನಾರಿನ ನಡುವೆ ಅಲ್ಲೊಂದು ಇಲ್ಲೊಂದು ಪುಟ್ಟ ಉಂಗುರ ಕಾಣುತ್ತದೆ. ಅಡ್ಡ ಕೊಯ್ದ ನಾಳಗಳು ಅವು. ಆರನೇ ವಾರದಲ್ಲಿ, ಅವನು ಗಂಡೋ ಹೆಣ್ಣೋ ಎಂದು ಅವನ ಮೈಗೇ ಗೊತ್ತಿಲ್ಲದಾಗ ಹೂತ ಪೈಪುಗಳು. ಚೀಟಿ ಬರಲು ಒಂದು ವಾರ ಹಿಡಿಯುತ್ತದೆ. ಹೊಲಿಗೆಯ ಗಾಯ ಪೂರ್ತಿ ಮಾಯುವವರೆಗೆ ಹೊಳೆಗೆ ಇಳಿಯುವಂತಿಲ್ಲ.